ಈ ವಸಂತದಲ್ಲಿ ಸಸಿ ನೆಡಬೇಡಿ, ನೆಟ್ಟದ್ದನ್ನು ಉಳಿಸಿ

ಮಾರ್ಚ್ 21 ಅಂತರರಾಷ್ಟ್ರೀಯ ಅರಣ್ಯ ದಿನ, ಏಪ್ರಿಲ್ 22 ಭೂಮಿ ದಿನ. ಈ ಎರಡು ತಾರೀಕು ಹತ್ತಿರವಾದಂತೆ ಬೆಂಗಳೂರಿನ ಶಾಲೆ, ಕಂಪನಿ, ನಿವಾಸಿಗಳ ಸಂಘಗಳಲ್ಲಿ ಸಸಿ ನೆಡುವ ಹುಮ್ಮಸ್ಸು ಏಳುತ್ತದೆ. ಹುಮ್ಮಸ್ಸು ಒಳ್ಳೆಯದೇ, ಆದರೆ ಕಾಲ ತಪ್ಪಿದ್ದು. ಆ ಹೊತ್ತಿಗೆ ಮಣ್ಣಿನ ಪಸೆ ಆರಿರುತ್ತದೆ, ಮುಂಗಾರಿಗೆ ಇನ್ನೂ ತಿಂಗಳುಗಟ್ಟಲೆ ಸಮಯವಿರುತ್ತದೆ. ನರ್ಸರಿಯ ಕವರಿನಿಂದ ಆಗಷ್ಟೇ ಹೊರಬಂದ ಬೇರಿಗೆ ಏಪ್ರಿಲ್ ಬಿಸಿಲನ್ನು ತಾಳುವ ಶಕ್ತಿ ಇರುವುದಿಲ್ಲ. ಕೆ.ಎಂ. ಮುನ್ಷಿಯವರು 1950ರಲ್ಲಿ ಆರಂಭಿಸಿದ ವನಮಹೋತ್ಸವ ಜುಲೈನಲ್ಲಿ ನಡೆಯುವುದು ಮಳೆಗಾಲಕ್ಕೆ ಹೊಂದಿಕೊಂಡು. ವಸಂತದಲ್ಲಿ ಬಡಾವಣೆಯ ಜನ ಕೈಜೋಡಿಸಿ ಮಾಡಬೇಕಾದ ಕೆಲಸ ಬೇರೆ ಇದೆ, ಅದು ಸಾಕಷ್ಟಿದೆ.

ಮೊದಲನೆಯದು ತರಗೆಲೆ. ಶಿವರಾತ್ರಿಯ ಆಸುಪಾಸಿನಲ್ಲಿ ಹೊಂಗೆ ತನ್ನ ಹಳೆಯ ಎಲೆಯನ್ನೆಲ್ಲ ಕಳಚಿ, ಕೆಲವೇ ದಿನಗಳಲ್ಲಿ ಮಿರುಗುವ ಹೊಸ ಚಿಗುರು ಹೊದೆಯುತ್ತದೆ. ಮಳೆಮರವೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ಬರಿದಾಗುತ್ತದೆ. ಮೇಲೆ ಟಬೆಬುಯಾ, ಜಕರಂದ ಹೂವಿನ ಸಂಭ್ರಮವಾದರೆ ಕೆಳಗೆ ಪೌರಕಾರ್ಮಿಕರಿಗೆ ಗುಡಿಸಿದಷ್ಟೂ ಮುಗಿಯದ ರಾಶಿ. ಸಾಗಿಸಲು ಗಾಡಿ ಬಾರದಿದ್ದಾಗ ಅದಕ್ಕೆ ಬೆಂಕಿ ಬೀಳುತ್ತದೆ. ರಸ್ತೆಯಲ್ಲಿ ಕಸ ಸುಡುವುದನ್ನು ಘನತ್ಯಾಜ್ಯ ನಿರ್ವಹಣೆಯ ನಿಯಮಗಳೇ ನಿಷೇಧಿಸಿವೆ. ಆದರೆ ಗುಡಿಸುವವರನ್ನು ಗದರಿಸಿ ಪ್ರಯೋಜನವಿಲ್ಲ. ರಾಶಿ ಹಾಕಲು ಜಾಗ ತೋರಿಸುವುದು ಬೀದಿಯವರ ಹೊಣೆ.

ಆ ಜಾಗ ಎಂದರೆ ಒಂದು ಬಲೆಯ ಗೂಡು ಅಷ್ಟೇ. ನಾಲ್ಕಡಿ ಎತ್ತರದ ತಂತಿಜಾಲರಿಯನ್ನು ನಾಲ್ಕಡಿ ಅಗಲದ ವೃತ್ತವಾಗಿ ಸುತ್ತಿ, ಪಾರ್ಕಿನ ಮೂಲೆಯಲ್ಲೋ ಅಗಲವಾದ ಫುಟ್‌ಪಾತಿನ ಅಂಚಿನಲ್ಲೋ ನಿಲ್ಲಿಸಿ. ತಳಕ್ಕೆ ಕಾಂಕ್ರೀಟ್ ಬೇಡ, ಮಣ್ಣೇ ಇರಲಿ. ಎರೆಹುಳು ಮೇಲೆ ಬರಬೇಕು. ಒಂದಡಿ ಎಲೆ ತುಂಬಿ, ನೀರು ಚಿಮುಕಿಸಿ, ಸಗಣಿ ಬಗ್ಗಡವನ್ನೋ ನೀರು ಬೆರೆಸಿದ ಹುಳಿ ಮಜ್ಜಿಗೆಯನ್ನೋ ಸುರಿದು, ಚೆನ್ನಾಗಿ ತುಳಿದು ಮತ್ತೊಂದು ಪದರ ಹಾಕಿ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಸಗಣಿ ಸೂಕ್ಷ್ಮಜೀವಿಗಳ ಜೊತೆಗೆ ಆ ಕೊರತೆಯನ್ನೂ ತುಂಬುತ್ತದೆ. ಹದಿನೈದು ದಿನಕ್ಕೊಮ್ಮೆ ಮಗುಚಿ. ಒಂದು ಹಿಡಿ ಹಿಂಡಿದಾಗ ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಬೇಸಿಗೆಯಲ್ಲಿ ರಾಶಿ ಕೆಡುವುದು ಬಹುಪಾಲು ಒಣಗಿ ಹೋಗುವುದರಿಂದಲೇ.

ಎಲ್ಲ ಎಲೆಯೂ ಒಂದೇ ವೇಗದಲ್ಲಿ ಕೊಳೆಯುವುದಿಲ್ಲ. ಹೊಂಗೆ ದ್ವಿದಳ ಧಾನ್ಯಗಳ ಕುಟುಂಬದ್ದು, ಎಲೆಯಲ್ಲಿ ಸಾರಜನಕ ಹೆಚ್ಚಿರುವುದರಿಂದ ಮೂರ್ನಾಲ್ಕು ತಿಂಗಳಲ್ಲಿ ಕಪ್ಪಗೆ ಪುಡಿಯಾಗುತ್ತದೆ. ಮಳೆಮರದ ಸಣ್ಣ ಎಲೆಯೂ ಬೇಗ ಕರಗುತ್ತದೆ. ಮಾವು, ಹಲಸು, ಸಿಲ್ವರ್ ಓಕ್ ಎಲೆಗಳು ಗಡುಸು. ಅವನ್ನು ಬೇರೆ ಗೂಡಿಗೆ ಹಾಕಿ ಮುಂದಿನ ವರ್ಷದವರೆಗೂ ಬಿಟ್ಟುಬಿಡುವುದು ಲೇಸು. ಕಣ್ಣಾರೆ ನೋಡಿ ಕಲಿಯಬೇಕೆನ್ನುವವರಿಗೆ ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಗೊಬ್ಬರ ಮಾಡುವ ಹಲವು ವಿಧಾನಗಳ ಮಾದರಿಗಳಿವೆ.

ಪಾರ್ಕಿನ ಒಳಗಾದರೆ ಇಷ್ಟು ಶ್ರಮವೂ ಬೇಡ. ಹಾದಿಯ ಮೇಲೆ ಬಿದ್ದದ್ದನ್ನು ಗುಡಿಸಿ ಮರದ ಬುಡದ ಕಡೆಗೆ ತಳ್ಳಿದರೆ ಸಾಕು. ಮೂರು ಇಂಚಿನ ತರಗಿನ ಹೊದಿಕೆ ಮಣ್ಣಿನ ತೇವವನ್ನು ಹಿಡಿದಿಡುತ್ತದೆ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ, ಇಲ್ಲವಾದರೆ ತೊಗಟೆ ಕೊಳೆಯುತ್ತದೆ. ಮಣ್ಣು ಕಾಣುವಷ್ಟು ನುಣ್ಣಗೆ ಗುಡಿಸಿದ ಪಾರ್ಕನ್ನು ಚೊಕ್ಕಟ ಎಂದು ಮೆಚ್ಚುವ ಅಭ್ಯಾಸವನ್ನು ನಾವು ಬಿಡಬೇಕು. ಮರ ನೆಲದಿಂದ ಪಡೆದದ್ದನ್ನು ನೆಲಕ್ಕೇ ಹಿಂದಿರುಗಿಸುತ್ತಿರುತ್ತದೆ, ನಾವು ನಡುವೆ ಕೈಹಾಕಿ ಹೊರಗೆ ಸಾಗಿಸುತ್ತೇವೆ.

ಇನ್ನು ನೀರು. ಕಳೆದ ಮಳೆಗಾಲದಲ್ಲಿ ಫೋಟೊ ತೆಗೆಸಿಕೊಂಡು ನೆಟ್ಟ ಸಸಿಗಳು ಸಾಯುವುದು ಈಗ, ಫೆಬ್ರವರಿಯಿಂದ ಮೇ ತಿಂಗಳೊಳಗೆ. ಎರಡು ಮೂರು ಬೇಸಿಗೆ ದಾಟಿಸಿದರೆ ಸಾಮಾನ್ಯವಾಗಿ ಬೇರು ತನ್ನ ದಾರಿ ತಾನು ಹುಡುಕಿಕೊಳ್ಳುತ್ತದೆ. ದಿನವೂ ಒಂದು ಚೊಂಬು ಸುರಿದರೆ ಬೇರು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ವಾರಕ್ಕೆ ಒಂದೆರಡು ಸಲ, ಸಂಜೆ ಹೊತ್ತಿನಲ್ಲಿ, ಒಂದು ಕೊಡದಷ್ಟು ನೀರನ್ನು ಪಾತಿಗೆ ನಿಧಾನವಾಗಿ ಇಂಗಿಸಬೇಕು. ಪಕ್ಕದಲ್ಲಿ ಒಂದು ಮಣ್ಣಿನ ಮಡಕೆಯನ್ನು ಕಂಠದವರೆಗೆ ಹೂತು ತುಂಬಿಸಿಟ್ಟರೆ ನೀರು ತಾನಾಗಿಯೇ ಜಿನುಗುತ್ತದೆ; ಸೊಳ್ಳೆ ಮೊಟ್ಟೆಯಿಡದಂತೆ ಮುಚ್ಚಳ ಮರೆಯಬೇಡಿ.

ಯಾವ ನೀರು ಎನ್ನುವುದೂ ಮುಖ್ಯ. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತ್ತು. ಆ ಬೇಸಿಗೆಯ ಪಾಠ ಮರೆಯುವಂಥದ್ದಲ್ಲ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಸಂಸ್ಕರಿಸಿದ ನೀರು ಬೇಕಾದಷ್ಟು ಉಳಿಯುತ್ತದೆ. ಅವರೊಡನೆ ಮಾತಾಡಿ ವಾರಕ್ಕೊಂದು ಟ್ಯಾಂಕರ್ ಗೊತ್ತುಮಾಡಿಕೊಂಡರೆ ಇಡೀ ಬೀದಿಯ ಸಸಿಗಳಿಗಾಗುತ್ತದೆ. ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಲವಣ ಹೆಚ್ಚು, ಅದನ್ನೇ ಸತತವಾಗಿ ಹಾಕಿದರೆ ಮಣ್ಣು ಕೆಡುತ್ತದೆ.

ದೊಡ್ಡ ಮರಗಳಿಗೆ ಬೇಕಾದದ್ದು ಉಸಿರಾಡಲು ಜಾಗ. ನೀರು, ಗೊಬ್ಬರ ಹೀರುವ ಬೇರುಗಳು ಹೆಚ್ಚಾಗಿ ಮೇಲಿನ ಒಂದೂವರೆ ಎರಡು ಅಡಿ ಮಣ್ಣಿನಲ್ಲೇ ಹರಡಿರುತ್ತವೆ. ಅಲ್ಲಿಗೇ ನಾವು ಟೈಲ್ಸ್, ಕಾಂಕ್ರೀಟ್ ಹಾಸುತ್ತೇವೆ. ದೆಹಲಿಯಲ್ಲಿ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತು. ನಮ್ಮ ಬೀದಿಯಲ್ಲೂ ಅಷ್ಟನ್ನು ಬಿಡಿಸಿಕೊಳ್ಳಲು ಪಾಲಿಕೆಗೆ ಅರ್ಜಿ ಕೊಡಬಹುದು. ಕಾಂಡಕ್ಕೆ ಹೊಡೆದ ಮೊಳೆ, ಬಿಗಿದ ಕೇಬಲ್ ತಂತಿಗಳ ಪಟ್ಟಿ ಮಾಡಿ ಅದರ ಜೊತೆಗೇ ಕೊಡಿ.

ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ಆಮೇಲೆ ಭರಣಿ. ಈ ಮಳೆಗಳು ಗಾಳಿಯೊಂದಿಗೇ ಬರುತ್ತವೆ, ಬೆಂಗಳೂರಿನಲ್ಲಿ ಮರ ಉರುಳುವುದೂ ಆಗಲೇ. ಆದ್ದರಿಂದ ಮಾರ್ಚ್‌ನಲ್ಲೇ ಬೀದಿಯ ಒಂದೊಂದು ಮರವನ್ನೂ ಸುತ್ತಿ ನೋಡಿ: ಬುಡದಲ್ಲಿ ಅಣಬೆ ಎದ್ದಿದೆಯೇ, ವಾಲಿದ ಮರದ ಹಿಂಬದಿಯ ಮಣ್ಣು ಉಬ್ಬಿದೆಯೇ, ಕವಲಿನಲ್ಲಿ ಬಿರುಕಿದೆಯೇ, ಚರಂಡಿ ಅಗೆದಾಗ ಬೇರು ಕತ್ತರಿಸಿದ್ದಾರೆಯೇ. ಇದ್ದರೆ ಫೋಟೊ ಸಮೇತ ಪಾಲಿಕೆಯ ಅರಣ್ಯ ವಿಭಾಗಕ್ಕೆ ತಿಳಿಸಿ. ನೀವೇ ಆಳು ಕರೆಸಿ ಕಡಿಸಬೇಡಿ. ಕೆಲವು ಜಾತಿಗಳಿಗೆ ವಿನಾಯಿತಿ ಬಿಟ್ಟರೆ, ಸ್ವಂತ ಜಾಗದ ಮರ ಕಡಿಯಲೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಯಾರ ತಲೆಯ ಮೇಲೂ ಬೀಳದ ಒಣಕೊಂಬೆಯಾದರೆ ಹಾಗೇ ಇರಲಿ. ಕುಟ್ರುಹಕ್ಕಿ ಗೂಡು ಕೊರೆಯುವುದು ಅದರಲ್ಲೇ, ಅದೂ ಈ ತಿಂಗಳುಗಳಲ್ಲೇ.

ನಗರದ ಅಂಚಿನ ಕಾಡಿನ ಲೆಕ್ಕ ಬೇರೆ. ಸುಮಾರು 600 ಎಕರೆಯ ತುರಹಳ್ಳಿ ಕಾಡಿನಲ್ಲಿ 2021ರಲ್ಲಿ ಟ್ರೀ ಪಾರ್ಕ್ ಮಾಡಲು ಹೊರಟಾಗ ಸುತ್ತಲಿನ ಜನ ವಿರೋಧಿಸಿದ್ದು ಸರಿಯಾದ ತಿಳಿವಳಿಕೆಯಿಂದಲೇ. ಬಂಡೆ, ಹುಲ್ಲು, ಕುರುಚಲು ಗಿಡಗಳದ್ದೇ ಅಲ್ಲಿನ ಬದುಕು, ಅದನ್ನು ತೋಟ ಮಾಡಬೇಕಾಗಿಲ್ಲ. ಇಂಥ ಕಡೆ ಒಣಹುಲ್ಲಿಗೆ ಒಂದು ಬೀಡಿ ತುಂಡು ಸಾಕು. ಹಾಗಾಗಿ ವಸಂತದಲ್ಲಿ ಸ್ವಯಂಸೇವಕರ ದೊಡ್ಡ ಕೆಲಸ ಬೆಂಕಿ ಕಾಯುವುದು: ಹೊಗೆ ಕಂಡ ಕೂಡಲೇ ಅರಣ್ಯ ಇಲಾಖೆಗೆ ಫೋನ್ ಮಾಡುವುದು, ಇಲಾಖೆ ಕರೆದಾಗ, ಬೆಂಕಿ ಹಬ್ಬದಂತೆ ತಡೆಯುವ ಬೆಂಕಿರೇಖೆ ತೆಗೆಯಲು ಹೋಗುವುದು. ನಾಯಿಯನ್ನು ಸರಪಳಿ ಬಿಚ್ಚಿ ಓಡಿಸಬೇಡಿ. ಟಿಟ್ಟಿಭ ನೆಲದ ಮೇಲೆಯೇ ಮೊಟ್ಟೆಯಿಟ್ಟಿರುತ್ತದೆ.

ಇಂಥ ಕಡೆ ಹಬ್ಬುವ ಲಂಟಾನ ಕಳೆಯನ್ನು ಕೀಳಲು ಅವಸರ ಬೇಡ. ಪಿಕಳಾರ ಅದರೊಳಗೆ ಗೂಡು ಕಟ್ಟಿರಬಹುದು, ನೆಲವೂ ಕಲ್ಲಾಗಿರುತ್ತದೆ. ಬರೀ ಮೇಲಿನದನ್ನು ಸವರಿದರೆ ಇಮ್ಮಡಿಯಾಗಿ ಚಿಗುರುತ್ತದೆ. ಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ, ಗೂಡಿಲ್ಲವೆಂದು ನೋಡಿಕೊಂಡು, ಇಲಾಖೆಯ ಒಪ್ಪಿಗೆ ಪಡೆದು ಪಿಕಾಸಿ ಹಿಡಿಯಿರಿ. ನೆಲಮಟ್ಟದಿಂದ ಒಂದೆರಡು ಇಂಚು ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ಬೇರು ಮೇಲಾಗಿ ತಲೆಕೆಳಗಿಟ್ಟು ಒಣಗಿಸುವುದು ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ವಿಧಾನ. ಲಂಟಾನ ಮತ್ತೆ ಚಿಗುರುವ ಭಾಗ ಕಾಂಡ ಮತ್ತು ಬೇರು ಸೇರುವಲ್ಲಿದೆ.

ಸಸಿ ನೆಡಲೇಬೇಕೆನ್ನುವವರು ಭರಣಿ ಮಳೆಯ ಹದದಲ್ಲಿ ಗುಂಡಿ ತೆಗೆದಿಡಬಹುದು. ಎರಡಡಿ ಆಳ, ಎರಡಡಿ ಅಗಲ. ಅಗೆದ ಮಣ್ಣನ್ನು ಪಕ್ಕದಲ್ಲೇ ಗುಡ್ಡೆ ಹಾಕಿ, ಗೂಡಿನ ಹೊಂಗೆ ಗೊಬ್ಬರ ಕಳಿತ ಮೇಲೆ ಅದಕ್ಕೆ ಬೆರೆಸಿ. ಗುಂಡಿಗೆ ಯಾರೂ ಬೀಳದಂತೆ ಸುತ್ತ ಮುಳ್ಳೋ ಹಗ್ಗವೋ ಕಟ್ಟಿ, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸಸಿ ತನ್ನಿ.