ಮನೆ ನಿಮ್ಮದು, ನೆಲ ಊರಿನದು

1985ರ ಆರಂಭದಲ್ಲಿ ಬಾಸ್ಟನ್ ನಗರದ ರಾಕ್ಸ್‌ಬರಿ ಭಾಗದ ಸೇಂಟ್ ಪ್ಯಾಟ್ರಿಕ್ ಚರ್ಚಿನಲ್ಲಿ ಒಂದು ಸಭೆ ಸೇರಿತ್ತು. ಪಾಳುಬಿದ್ದ ಡಡ್ಲಿ ಬೀದಿಯ ಸುತ್ತಲಿನ ಬಡಾವಣೆಗೆ ಹಣ ಕೊಡಲು ರೈಲಿ ಫೌಂಡೇಶನ್ ಎಂಬ ದಾನಿ ಸಂಸ್ಥೆ ಮುಂದೆ ಬಂದಿತ್ತು. ಸೇವಾ ಸಂಸ್ಥೆಗಳವರು ಕೂತು ಆಡಳಿತ ಮಂಡಳಿಯೊಂದರ ರೂಪುರೇಷೆ ಬರೆದು ತಂದಿದ್ದರು. ಅವರ ವಿವರಣೆ ಮುಗಿಯುವಷ್ಟರಲ್ಲಿ ಸಭಿಕರಿಂದ ಪ್ರಶ್ನೆ ಎದ್ದಿತು: ನಿಮ್ಮಲ್ಲಿ ಈ ಬೀದಿಗಳಲ್ಲೇ ವಾಸ ಇರುವವರು ಎಷ್ಟು ಮಂದಿ? ಹೇಳಿಕೊಳ್ಳುವಂಥ ಉತ್ತರ ಇರಲಿಲ್ಲ. ಮಂಡಳಿಯಲ್ಲಿ ನಿವಾಸಿಗಳಿಗೆಂದು ಇಟ್ಟಿದ್ದ ಸ್ಥಾನಗಳೂ ಬೆರಳೆಣಿಕೆಯಷ್ಟೇ. ಜನ ಕೆರಳಿದರು. ಮಂಡಳಿಯನ್ನು ಹೊಸದಾಗಿ ಕಟ್ಟಬೇಕಾಯಿತು. ಬಹುಮತ ನಿವಾಸಿಗಳಿಗೆ, ಕಪ್ಪು ಅಮೆರಿಕನ್ನರು, ಕೇಪ್ ವರ್ಡ್ ದ್ವೀಪಗಳಿಂದ ಬಂದವರು, ಲ್ಯಾಟಿನೊಗಳು, ಬಿಳಿಯರು ಎಂಬ ನಾಲ್ಕು ಗುಂಪಿಗೂ, ತಲೆಯೆಣಿಕೆ ಎಷ್ಟೇ ಇರಲಿ, ಸಮ ಪಾಲು. ದುಡ್ಡು ಕೊಡುವವರು ಇದನ್ನು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಹೀಗೆ ನೆಲೆಗೊಂಡದ್ದು ‘ಡಡ್ಲಿ ಸ್ಟ್ರೀಟ್ ನೇಬರ್‌ಹುಡ್ ಇನಿಷಿಯೇಟಿವ್’.

ಆ ಬಡಾವಣೆ ತಾನಾಗಿ ಹಾಳಾಗಿರಲಿಲ್ಲ. 1930ರ ದಶಕದಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆ ನಗರಗಳ ನಕಾಶೆ ಬರೆಸಿ, ಸಾಲಕ್ಕೆ ಅಪಾಯ ಎಂದು ಕಂಡ ಪ್ರದೇಶಗಳಿಗೆ ಕೆಂಪು ಬಣ್ಣ ಬಳಿಯಿತು. ಕಪ್ಪು ಜನ ವಾಸವಿದ್ದರೆ ಅದೇ ಅಪಾಯದ ಗುರುತು. ಗೃಹಸಾಲಕ್ಕೆ ಸರ್ಕಾರಿ ಖಾತರಿ ಕೊಡುವ ಇಲಾಖೆಯೂ ಅದೇ ಧೋರಣೆ ಹಿಡಿಯಿತು. ಎರಡನೇ ಮಹಾಯುದ್ಧದ ನಂತರ ಬಿಳಿಯ ಕುಟುಂಬಗಳು ಅಗ್ಗದ ಸಾಲ ಪಡೆದು ಹೊರವಲಯಕ್ಕೆ ಹೋದವು, ಒಳಗೆ ಉಳಿದವರಿಗೆ ಮನೆ ರಿಪೇರಿಗೂ ಸಾಲ ಹುಟ್ಟಲಿಲ್ಲ. ಮೇಲಿಂದ ಹೆದ್ದಾರಿಯ ಕಾಟ. ಯೋಜಿತ ಎಕ್ಸ್‌ಪ್ರೆಸ್ ರಸ್ತೆಗಾಗಿ ರಾಕ್ಸ್‌ಬರಿಯ ಮನೆಗಳನ್ನು ಕೆಡವಿ ಆದಮೇಲೆ, ಜನರ ಪ್ರತಿಭಟನೆಗೆ ಮಣಿದು 1970ರಲ್ಲಿ ಗವರ್ನರ್ ಫ್ರಾನ್ಸಿಸ್ ಸಾರ್ಜೆಂಟ್ ಕೆಲಸ ನಿಲ್ಲಿಸಿದರು. ರಸ್ತೆ ಬರಲಿಲ್ಲ, ಮನೆಗಳೂ ಉಳಿಯಲಿಲ್ಲ.

ಬೆಲೆ ಬಿದ್ದ ಕಟ್ಟಡಗಳಿಗೆ ಬೆಂಕಿ ಬೀಳತೊಡಗಿತು. ಬಾಡಿಗೆಗಿಂತ ವಿಮೆಯ ಹಣವೇ ಲಾಭ ಎಂದು ಕಂಡ ಮಾಲೀಕರು ಕಡಿಮೆ ಇರಲಿಲ್ಲ. 80ರ ದಶಕದ ನಡುವಿಗೆ ಡಡ್ಲಿ ಸುತ್ತ ಸುಮಾರು 1,300 ನಿವೇಶನಗಳು ಖಾಲಿ ಬಿದ್ದಿದ್ದವು. ಊರಿನ ಬೇರೆ ಕಡೆಯ ಕಟ್ಟಡ ತ್ಯಾಜ್ಯ, ಕೊಳೆತ ಮಾಂಸ, ಹಳೆಯ ಫ್ರಿಜ್ಜು, ತುಕ್ಕು ಹಿಡಿದ ಕಾರು ಎಲ್ಲ ರಾತ್ರೋರಾತ್ರಿ ಲಾರಿಗಳಲ್ಲಿ ಬಂದು ಅಲ್ಲಿ ಬೀಳುತ್ತಿದ್ದವು. ಬಾಸ್ಟನ್ನಿನ ವ್ಯಾಪಾರ ಕೇಂದ್ರದಿಂದ ಎರಡು ಮೈಲಿಯೂ ಆಗದ ಜಾಗ ಇದು.

ಸಂಘ ಶುರುಮಾಡಿದ್ದು ಇದೇ ಕಸದಿಂದ. ಮಾಸ್ಟರ್ ಪ್ಲಾನು, ಸಲಹೆಗಾರರ ವರದಿ ಎಲ್ಲ ಆಮೇಲೆ. 1986ರಲ್ಲಿ ‘ನಮ್ಮ ಮೇಲೆ ಕಸ ಸುರಿಯಬೇಡಿ’ ಎಂಬ ಚಳವಳಿ ಹೂಡಿ ಜನ ತಾವೇ ಸೈಟುಗಳನ್ನು ಸ್ವಚ್ಛ ಮಾಡಿದರು, ಅಕ್ರಮವಾಗಿ ನಡೆಯುತ್ತಿದ್ದ ಕಸದ ಅಡ್ಡೆಗಳನ್ನು ಮುಚ್ಚಿಸಲು ಪಟ್ಟುಹಿಡಿದರು. ಮೇಯರ್ ರೇಮಂಡ್ ಫ್ಲಿನ್ ಆಡಳಿತ ಅವಕ್ಕೆ ಬೀಗ ಜಡಿಯಿತು. ನಗರ ಯೋಜನೆಯ ಪಂಡಿತರಿಗೆ ಇದು ಚಿಲ್ಲರೆ ಕೆಲಸವಾಗಿ ಕಂಡೀತು. ಆದರೆ ದಶಕಗಳಿಂದ ಮಾತು ಕೊಟ್ಟು ಕೈಬಿಟ್ಟವರನ್ನೇ ನೋಡಿದ್ದ ಜನಕ್ಕೆ, ಕೂಗಿದರೆ ಪಾಲಿಕೆ ಬರುತ್ತದೆ ಎಂದು ಗೊತ್ತಾದದ್ದು ಯಾವ ನೀಲನಕ್ಷೆಗಿಂತಲೂ ದೊಡ್ಡದು. (ಅದೇ ವರ್ಷ ರಾಕ್ಸ್‌ಬರಿಯನ್ನೂ ಸುತ್ತಲ ಭಾಗಗಳನ್ನೂ ಬಾಸ್ಟನ್ನಿನಿಂದ ಬೇರ್ಪಡಿಸಿ ‘ಮಂಡೇಲಾ’ ಎಂಬ ಪ್ರತ್ಯೇಕ ನಗರ ಮಾಡಬೇಕೆಂದು ಜನಮತಗಣನೆಯೂ ನಡೆದು ಸೋತಿತು. ಸಹನೆ ಎಷ್ಟು ಕಟ್ಟೆಯೊಡೆದಿತ್ತು ಎಂದು ಇದರಿಂದಲೇ ಊಹಿಸಬಹುದು.)

ಮನೆ ಕಟ್ಟಲು ಹೊರಟಾಗ ಎದುರಾದದ್ದು ನೆಲದ ಗೋಜಲು. ‘ಡಡ್ಲಿ ತ್ರಿಕೋನ’ ಎಂದು ಕರೆಯುವ 64 ಎಕರೆಯಲ್ಲಿ ಅರ್ಧಕ್ಕೆ ಹತ್ತಿರ ಖಾಲಿ. ಅದರಲ್ಲಿ ಕೆಲವು ಸೈಟು ಪಾಲಿಕೆಯವು, ಕೆಲವು ತೆರಿಗೆ ಕಟ್ಟದೆ, ಗುರುತೂ ಸಿಗದೆ ದೂರ ಉಳಿದ ಖಾಸಗಿಯವರವು. ಒಂದರ ಪಕ್ಕ ಒಂದು ಹಲ್ಲುದುರಿದ ಬಾಯಿಯಂತೆ ಚದುರಿದ್ದವು. ಆಗ ಸಂಘ ಕೇಳಿದ್ದು ಯಾರೂ ಕೇಳದ ಒಂದು ಅಧಿಕಾರ: ಕಡ್ಡಾಯ ಭೂಸ್ವಾಧೀನ. ಅಮೆರಿಕದ ನಗರ ನಗರದಲ್ಲೂ ಕಪ್ಪು ಜನರ ಕೇರಿಗಳನ್ನು ಎಬ್ಬಿಸಿದ್ದು ಇದೇ ಅಸ್ತ್ರ. ಸಂಘ ಅದನ್ನು ಖಾಲಿ ಜಾಗಗಳ ಮೇಲೆ ಮಾತ್ರ ಬಳಸುತ್ತೇವೆ, ಯಾರನ್ನೂ ಎಬ್ಬಿಸುವುದಿಲ್ಲ ಎಂದು ಹೇಳಿ ಬೇಡಿತು. 1988ರಲ್ಲಿ ಬಾಸ್ಟನ್ ಮರುಅಭಿವೃದ್ಧಿ ಪ್ರಾಧಿಕಾರ ಒಪ್ಪಿತು. ನಿವಾಸಿಗಳ ಸಂಘವೊಂದರ ಕೈಗೆ ಈ ಅಧಿಕಾರ ಬಂದದ್ದು ಆ ದೇಶದಲ್ಲಿ ಅದೇ ಮೊದಲು. ಜಮೀನು ಕೊಳ್ಳಲು ಫೋರ್ಡ್ ಫೌಂಡೇಶನ್ 20 ಲಕ್ಷ ಡಾಲರ್ ಸಾಲ ಕೊಟ್ಟಿತು.

ಬಂದ ನೆಲವನ್ನು ಸಂಘ ಮಾರಲಿಲ್ಲ, ‘ಡಡ್ಲಿ ನೇಬರ್ಸ್’ ಎಂಬ ಸಮುದಾಯ ಭೂ ಟ್ರಸ್ಟಿನ ಹೆಸರಿನಲ್ಲಿಟ್ಟಿತು. ವ್ಯವಸ್ಥೆ ಸರಳ. ಕುಟುಂಬ ಕೊಳ್ಳುವುದು ಮನೆಯನ್ನು ಮಾತ್ರ. ಅಡಿಯ ನೆಲ ದೀರ್ಘಾವಧಿ ಗುತ್ತಿಗೆಗೆ. ಮನೆ ಮಕ್ಕಳಿಗೆ ಹೋಗುತ್ತದೆ, ಮಾರಲೂಬಹುದು. ಆದರೆ ಮಾರಾಟದ ಬೆಲೆ ಗುತ್ತಿಗೆ ಪತ್ರದ ಸೂತ್ರದಂತೆ, ಮುಂದಿನ ಸಾಮಾನ್ಯ ಆದಾಯದವರಿಗೂ ಕೈಗೆಟಕುವಷ್ಟು. ಸುಮಾರು 225 ಮನೆಗಳು, ಒಂದು ದೊಡ್ಡ ಗಾಜಿನಮನೆ ತೋಟ, ಉದ್ಯಾನಗಳು ಈ ನೆಲದ ಮೇಲೆ ನಿಂತವು. 2008ರ ಸಾಲದ ಬಿಕ್ಕಟ್ಟಿನಲ್ಲಿ ಸುತ್ತಲ ಬೀದಿಗಳ ಮನೆಗಳು ಬ್ಯಾಂಕಿನ ಪಾಲಾದಾಗಲೂ ಟ್ರಸ್ಟಿನ ಮನೆಗಳು ಬಹುತೇಕ ಉಳಿದುಕೊಂಡವು.

ಈ ವಿಚಾರದ ಒಂದು ಬೇರು ನಮ್ಮ ಕಡೆಗೇ ಬರುತ್ತದೆ. ಅಮೆರಿಕದ ಮೊದಲ ಸಮುದಾಯ ಭೂ ಟ್ರಸ್ಟು 1969ರಲ್ಲಿ ಜಾರ್ಜಿಯಾದ ಹಳ್ಳಿಗಾಡಿನಲ್ಲಿ ಹುಟ್ಟಿದ ‘ನ್ಯೂ ಕಮ್ಯುನಿಟೀಸ್’. ಮತದಾನದ ಹಕ್ಕಿಗೆ ಹೋರಾಡಿದ್ದಕ್ಕೆ ಜಮೀನಿನಿಂದ ಹೊರದಬ್ಬಿಸಿಕೊಂಡ ಕಪ್ಪು ರೈತರಿಗೆ ಕಾಲೂರಲು ಜಾಗ ಬೇಕೆಂದು ಚಾರ್ಲ್ಸ್ ಶೆರಾಡ್, ಶರ್ಲಿ ಶೆರಾಡ್ ಮತ್ತು ಸಂಗಡಿಗರು 5,700 ಎಕರೆ ಕೊಂಡರು. ಅವರ ಜೊತೆ ದುಡಿದ ರಾಬರ್ಟ್ ಸ್ವಾನ್ ವಿನೋಬಾ ಭಾವೆಯವರ ಗ್ರಾಮದಾನದಿಂದ ಪ್ರೇರಣೆ ಪಡೆದವರು. ಇಸ್ರೇಲಿನ ಸಹಕಾರಿ ಹಳ್ಳಿಗಳನ್ನೂ ತಂಡ ನೋಡಿಬಂದಿತ್ತು. ಒಡೆತನ ಗ್ರಾಮಸಭೆಗೆ, ಉಳುಮೆ ಕುಟುಂಬಕ್ಕೆ ಎಂಬ ಗ್ರಾಮದಾನದ ತತ್ವಕ್ಕೆ ನೆಹರೂ ಅವರೂ ಸೇರಿದ್ದ ರಾಷ್ಟ್ರೀಯ ಸಮ್ಮೇಳನ ಬೆಂಬಲ ಸೂಚಿಸಿದ್ದು 1957ರಲ್ಲಿ, ಮೈಸೂರಿನ ಪಕ್ಕದ ಯಲವಾಲದಲ್ಲಿ. ನಾವು ಮರೆತ ಆ ಪಾಠವನ್ನು ಕಲಿತವರು ಅಲ್ಲಿದ್ದರು.

ಹಾಗೆಂದು ಡಡ್ಲಿಯನ್ನು ಪವಾಡ ಎಂದು ಹಾಡಿಹೊಗಳುವುದು ಬೇಡ. 2015ರಲ್ಲಿ ಬಾಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕು ಮತ್ತು ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ಪ್ರಕಟಿಸಿದ ವರದಿಯ ಪ್ರಕಾರ ಬಾಸ್ಟನ್ ಪ್ರದೇಶದ ಬಿಳಿಯ ಕುಟುಂಬದ ಮಧ್ಯಮ ನಿವ್ವಳ ಆಸ್ತಿ 2,47,500 ಡಾಲರ್. ವಲಸಿಗರನ್ನು ಬಿಟ್ಟು, ಅಮೆರಿಕದಲ್ಲೇ ಬೇರಿರುವ ಕಪ್ಪು ಕುಟುಂಬದ್ದು 8 ಡಾಲರ್. ಸೊನ್ನೆ ಬಿಟ್ಟುಹೋಗಿಲ್ಲ, ಎಂಟೇ ಡಾಲರ್. ಹೀಗಿರುವಾಗ, ಬಿಳಿಯರು ಮನೆಯ ಬೆಲೆಯೇರಿಕೆಯಿಂದಲೇ ಆಸ್ತಿ ಕೂಡಿಸಿದ ದೇಶದಲ್ಲಿ, ಕಪ್ಪು ಕುಟುಂಬವೊಂದಕ್ಕೆ ‘ನಿನ್ನ ಮನೆಯ ಪೂರ್ತಿ ಲಾಭ ನೀನು ತೆಗೆಯುವಂತಿಲ್ಲ’ ಎನ್ನುವುದು ನ್ಯಾಯವೇ? ರಾಕ್ಸ್‌ಬರಿಯಲ್ಲಿ ಈ ತಕರಾರು ಎತ್ತುವವರನ್ನು ನಾನು ತಳ್ಳಿಹಾಕಲಾರೆ. ಭೂ ಟ್ರಸ್ಟು ಜನರನ್ನು ಅವರ ಬೀದಿಯಲ್ಲೇ ಉಳಿಸುತ್ತದೆ. ಬಾಡಿಗೆ ಏರಿ ಹಳಬರು ಚದುರುತ್ತಿರುವ ಊರಿನಲ್ಲಿ ಅದು ದೊಡ್ಡದೇ. ಆದರೆ ಮೂರು ತಲೆಮಾರು ಕಸಿದ ಆಸ್ತಿಯನ್ನು ಅದು ತುಂಬಿಕೊಡದು. ಆ ಸಾಲ ಕೆಂಪು ಬಣ್ಣ ಬಳಿದ ಸರ್ಕಾರದ್ದು, ಬ್ಯಾಂಕುಗಳದ್ದು.

ಜಾರ್ಜಿಯಾದ ಕಥೆಯೂ ಅದನ್ನೇ ಹೇಳುತ್ತದೆ. ಬರಗಾಲದಲ್ಲಿ ಕೃಷಿ ಇಲಾಖೆ ಸಾಲಕ್ಕೆ ಸತಾಯಿಸಿದ್ದರಿಂದ ನ್ಯೂ ಕಮ್ಯುನಿಟೀಸ್ 1985ರಲ್ಲಿ ನೆಲ ಕಳೆದುಕೊಂಡಿತು. ಕಪ್ಪು ರೈತರ ಮೊಕದ್ದಮೆಯ ಭಾಗವಾಗಿ ಅದಕ್ಕೆ 2009ರಲ್ಲಿ 1.2 ಕೋಟಿ ಡಾಲರ್ ಪರಿಹಾರ ಸಿಕ್ಕಿತು. ನಗರದ ಬಡಾವಣೆಗಳಿಗೆ ಅಂಥ ತೀರ್ಪು ಬಂದಿಲ್ಲ. ಗುಲಾಮಗಿರಿ ಮತ್ತು ಅದರ ಪರಿಣಾಮಗಳಿಗೆ ಪರಿಹಾರ ಕೊಡುವ ಕುರಿತು ಅಧ್ಯಯನಕ್ಕೆ ಬಾಸ್ಟನ್ ನಗರ 2023ರಲ್ಲಿ ಕಾರ್ಯಪಡೆ ನೇಮಿಸಿದೆ. ವರದಿ ಬರೆದು ಕೈತೊಳೆದುಕೊಳ್ಳದೆ, ಅದು ಹಣದ ಮಾತನ್ನೂ ಆಡಬೇಕು.