ಸೌರ ವಿದ್ಯುತ್ತೂ ಪ್ರದೇಶದ ಇಂಗಾಲದ ಲೆಕ್ಕವೂ

ನೂತನ ಯಂತ್ರವಿದ್ಯೆ ಒಂದು ಪ್ರದೇಶಕ್ಕೆ ಬಂದೊಡನೆ ಅಲ್ಲಿಯ ಹೊಗೆ ತಗ್ಗುವುದೆಂಬ ಭಾವನೆ ಸಾಮಾನ್ಯವಾಗಿದೆ. ಇದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ನಮ್ಮ ರಾಜ್ಯದ ಒಂದು ನಿದರ್ಶನದಿಂದಲೇ ಪರಿಶೀಲಿಸೋಣ.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಬರಗಾಲಕ್ಕೆ ಹೆಸರಾದುದು. ಅಲ್ಲಿ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು, 2019ರ ಕೊನೆಯ ವೇಳೆಗೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಸ್ಥಾವರಗಳನ್ನು ಪೂರ್ಣಗೊಳಿಸಲಾಯಿತು. (ಭೂಮಿಯುಳ್ಳವರಿಗೆ ಗುತ್ತಿಗೆಯ ಹಣ ಬಂದಿತು, ಕೂಲಿಯನ್ನೇ ನಂಬಿದವರಿಗೆ ಬೇಸಾಯದ ಕೆಲಸ ತಪ್ಪಿತು. ಇಂಗಾಲದ ಲೆಕ್ಕದಲ್ಲಿ ಇದು ಕಾಣಬರುವುದಿಲ್ಲ.) ಸೌರ ಫಲಕಗಳ ಬೆಲೆ ಒಂದು ದಶಕದಲ್ಲಿ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿದುದರಿಂದಲೇ ಇಷ್ಟು ದೊಡ್ಡ ಕಾರ್ಯ ಸಾಧ್ಯವಾಯಿತು. ಆ ಇಳಿಕೆಯಾದರೋ ಬಹುಮಟ್ಟಿಗೆ ಚೀಣಾ ದೇಶದ ಕಾರ್ಖಾನೆಗಳಲ್ಲಿ ಆದುದು. ಫಲಕಗಳ ತಯಾರಿಕೆಯಲ್ಲಿ ಉರಿದ ಕಲ್ಲಿದ್ದಲೂ ಅಲ್ಲಿಯ ಲೆಕ್ಕಕ್ಕೇ ಸೇರುತ್ತದೆ.

ಹಾಗಾದರೆ ಇಂಗಾಲ ಇಳಿದುದೆಲ್ಲಿ? ಪಾವಗಡದಲ್ಲಿ ಮೊದಲೂ ಕಲ್ಲಿದ್ದಲಿನ ಸ್ಥಾವರವಿರಲಿಲ್ಲ. ಅಲ್ಲಿಯ ವಿದ್ಯುತ್ತು ಜಾಲವನ್ನು ಸೇರಿ, ರಾಯಚೂರು ಬಳ್ಳಾರಿಗಳ ಶಾಖೋತ್ಪನ್ನ ಕೇಂದ್ರಗಳ ಉತ್ಪಾದನೆಯನ್ನು ತಗ್ಗಿಸಿದಾಗಲೇ ಇಳಿಕೆಯುಂಟು. ಈ ಸ್ಥಾವರಗಳು ವರ್ಷದ ಐದನೆಯ ಒಂದು ಪಾಲು ಹೊತ್ತು ಪೂರ್ಣ ಸಾಮರ್ಥ್ಯದಲ್ಲಿ ನಡೆಯುವುವೆಂದು ಭಾವಿಸಿದರೆ, ಸುಮಾರು 360 ಕೋಟಿ ಯೂನಿಟ್ ದೊರೆಯುತ್ತದೆ. ಕಲ್ಲಿದ್ದಲಿನ ವಿದ್ಯುತ್ತಿನಲ್ಲಿ ಯೂನಿಟ್ಟಿಗೆ ಹೆಚ್ಚುಕಡಿಮೆ ಒಂದು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಹೊರಬೀಳುವುದರಿಂದ, ಅಷ್ಟೂ ಕಲ್ಲಿದ್ದಲಿಗೆ ಬದಲಾಗಿ ಬಂದರೆ, ಉಳಿತಾಯ ಸುಮಾರು 36 ಲಕ್ಷ ಟನ್ನು.

ಆದರೆ ಈ 'ಬದಲಾಗಿ ಬಂದರೆ' ಎಂಬುದರಲ್ಲಿಯೇ ತೊಡಕೆಲ್ಲ ಅಡಗಿದೆ. ಬೇಡಿಕೆ ಬೆಳೆಯುತ್ತಿರುವ ನಾಡಿನಲ್ಲಿ ಹೊಸ ವಿದ್ಯುತ್ತು ಹಳೆಯದನ್ನು ತಳ್ಳದೆ ಅದರ ಪಕ್ಕದಲ್ಲಿಯೇ ಕೂಡಬಹುದು. ಯಂತ್ರದ ದಕ್ಷತೆ ಹೆಚ್ಚಿದಷ್ಟೂ ಕಲ್ಲಿದ್ದಲಿನ ಬಳಕೆ ಹೆಚ್ಚುವುದೆಂದು ಇಂಗ್ಲೆಂಡಿನ ಜೆವನ್ಸ್ 1865ರಷ್ಟು ಹಿಂದೆಯೇ ತೋರಿಸಿದ್ದನು. ಅಗ್ಗದ ವಿದ್ಯುತ್ತಿಗೂ ಆ ಎಚ್ಚರಿಕೆ ಸಲ್ಲುತ್ತದೆ. ಇದಕ್ಕಿಂತ ಕಠಿನವಾದುದು ಸಂಜೆಯ ಪ್ರಶ್ನೆ. ಸೂರ್ಯನು ಮುಳುಗಿದರೂ ದೀಪಗಳು ಉರಿಯಬೇಕು. ಶಾಖೋತ್ಪನ್ನ ಕೇಂದ್ರದ ಕುಲುಮೆಯನ್ನು ಬೇಕೆಂದಾಗ ಆರಿಸಿ ಬೇಕೆಂದಾಗ ಹೊತ್ತಿಸುವುದು ಸುಲಭವಲ್ಲ. ಆದುದರಿಂದ ಅದನ್ನು ಹಗಲಲ್ಲಿ ಮಂದವಾಗಿ ನಡೆಸುತ್ತಾರೆ. ಆಗ ಯೂನಿಟ್ಟಿಗೆ ತಗಲುವ ಕಲ್ಲಿದ್ದಲು ಹೆಚ್ಚಾಗಿ, ಉಳಿತಾಯದ ಒಂದಂಶ ಅಲ್ಲಿಯೇ ಸೋರಿಹೋಗುತ್ತದೆ.

ಶರಾವತಿಯಂಥ ಜಲವಿದ್ಯುತ್ತು ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಬಲ್ಲುದು: ಹಗಲಲ್ಲಿ ನೀರನ್ನು ಹಿಡಿದಿಟ್ಟು ಸಂಜೆ ಬಿಡಬಹುದು. ಮಳೆ ಕೈಕೊಟ್ಟ ವರ್ಷ ಅದಕ್ಕೂ ಮಿತಿಯುಂಟು. ಆದಕಾರಣ ಒಂದು ಪ್ರದೇಶದಲ್ಲಿ ಎಷ್ಟು ಮೆಗಾವಾಟ್ ಸ್ಥಾಪನೆಯಾಯಿತೆಂಬುದಕ್ಕಿಂತ, ಯಾವ ಗಂಟೆಯಲ್ಲಿ ಯಾವ ಕೇಂದ್ರದ ಕಲ್ಲಿದ್ದಲು ಉಳಿಯಿತೆಂಬುದನ್ನು ಅಧ್ಯಯನಕಾರರು ಮೊದಲು ಅಳೆಯತಕ್ಕುದೆಂದು ನಮ್ಮ ಅಭಿಪ್ರಾಯ.