ಕಂಪನಿ ಹಾಕಿಸಿದ ನಲ್ಲಿ

ವೆಲ್ಚ್ ಪಟ್ಟಣದ ನಟ್ಟನಡುವೆ ಕಾರು ನಿಲ್ಲಿಸಲೆಂದೇ ಕಟ್ಟಿದ ಬಹುಮಹಡಿ ಕಟ್ಟಡವೊಂದಿದೆ. ಅದು ಬಳಕೆಗೆ ಬಂದದ್ದು 1941ರಲ್ಲಿ. ಪಟ್ಟಣದ ಆಡಳಿತವೇ ಕಟ್ಟಿಸಿದ ಅಮೆರಿಕದ ಮೊಟ್ಟಮೊದಲ ಪಾರ್ಕಿಂಗ್ ಕಟ್ಟಡ ಇದು ಎಂಬ ಹೆಮ್ಮೆ ಊರಿನವರಿಗೆ ಇಂದಿಗೂ ಇದೆ. ಆಗಿನ ಶನಿವಾರದ ಸಂಜೆಗಳಲ್ಲಿ ಸುತ್ತಲಿನ ಗಣಿಗಳಿಂದ ಜನ ಪೇಟೆಗೆ ಇಳಿದರೆ ಫುಟ್‌ಪಾತ್ ಸಾಲದೆ ರಸ್ತೆಗಿಳಿದು ನಡೆಯಬೇಕಾಗುತ್ತಿತ್ತು. ಇಕ್ಕಟ್ಟಿನ ಕಣಿವೆಯ ಊರಿನಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದ್ದಕ್ಕೆ ಒಂದರ ಮೇಲೊಂದು ಮಹಡಿ ಎತ್ತಿದರು. ಇವತ್ತು ಅದೇ ಬೀದಿಯಲ್ಲಿ ಎಲ್ಲಿ ಬೇಕಾದರೂ ಕಾರು ನಿಲ್ಲಿಸಬಹುದು. ಅಕ್ಕಪಕ್ಕದ ಅಂಗಡಿಗಳಲ್ಲಿ ಎಷ್ಟೋ ಮುಚ್ಚಿವೆ.

ವೆಲ್ಚ್, ಪಶ್ಚಿಮ ವರ್ಜೀನಿಯಾ ರಾಜ್ಯದ ದಕ್ಷಿಣದ ತುದಿಯಲ್ಲಿರುವ ಮ್ಯಾಕ್‌ಡವೆಲ್ ಕೌಂಟಿಯ ಆಡಳಿತ ಕೇಂದ್ರ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯ ಹಾಗೆ. ತನ್ನದೇ ನ್ಯಾಯಾಲಯ, ತನ್ನದೇ ಶಾಲಾ ಮಂಡಳಿ, ತನ್ನದೇ ತೆರಿಗೆ ಇರುವ ಘಟಕ. ವಿಸ್ತಾರದಲ್ಲಿ ಮಾತ್ರ ತಾಲ್ಲೂಕಿನಷ್ಟು. ಅಮೆರಿಕದಲ್ಲಿ ಇಂಥವು ಮೂರು ಸಾವಿರಕ್ಕೂ ಹೆಚ್ಚಿವೆ. ಮ್ಯಾಕ್‌ಡವೆಲ್‌ನ ವಿಸ್ತೀರ್ಣ ಸುಮಾರು 1,385 ಚದರ ಕಿಲೋಮೀಟರ್. ಅದರಲ್ಲಿ ಸಮತಟ್ಟಾದ ನೆಲ ಹುಡುಕಿದರೂ ಸಿಗುವುದು ಕಷ್ಟ. ಅಪಲೇಷಿಯನ್ ಬೆಟ್ಟಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ; ಅವುಗಳ ಸಂದಿನಲ್ಲಿ ಹರಿಯುವ ತೊರೆ, ತೊರೆಯ ಪಕ್ಕ ರೈಲು ಹಳಿ, ಹಳಿಯ ಪಕ್ಕ ರಸ್ತೆ, ಮಿಕ್ಕ ಅಂಗೈಯಗಲದ ಜಾಗದಲ್ಲಿ ಮನೆಗಳ ಸಾಲು. ಇಂಥ ಕಿರುಕಣಿವೆಯನ್ನು ಅಲ್ಲಿನ ಜನ ತಮ್ಮ ಆಡುಮಾತಿನಲ್ಲಿ ‘ಹಾಲರ್’ ಎನ್ನುತ್ತಾರೆ. ಯಾವ ಊರು ಎಂದು ಕೇಳಿದರೆ ಮೊದಲು ಬರುವುದು ಹಾಲರಿನ ಹೆಸರು.

ಈ ಕೌಂಟಿಯ ಜನಗಣತಿಯ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರೆ ಸಾಕು, ಒಂದು ಶತಮಾನದ ಬದುಕು ಕಣ್ಣಿಗೆ ಕಟ್ಟುತ್ತದೆ. 1880ರಲ್ಲಿ ಇಲ್ಲಿದ್ದವರು 3,074 ಜನ. 1900ಕ್ಕೆ 18,747. 1950ಕ್ಕೆ 98,887, ಅಂದರೆ ಹೆಚ್ಚುಕಡಿಮೆ ಒಂದು ಲಕ್ಷ. ಅಲ್ಲಿಂದ ಇಳಿಜಾರು: 1960ರಲ್ಲಿ 71,359, 1970ರಲ್ಲಿ 50,666, 2000ದಲ್ಲಿ 27,329, 2020ರಲ್ಲಿ 19,111. ನೂರಿಪ್ಪತ್ತು ವರ್ಷ ಕಳೆದು ಸಂಖ್ಯೆ 1900ರಲ್ಲಿದ್ದಲ್ಲಿಗೇ ಬಂದು ನಿಂತಿದೆ. ಆದರೆ ಇವು ಎರಡು ಬೇರೆಯೇ ಲೋಕಗಳು. 1900ರ ಹತ್ತೊಂಬತ್ತು ಸಾವಿರದಲ್ಲಿ ತೋಳಲ್ಲಿ ಬಲವಿದ್ದ, ದಿನದಿನವೂ ರೈಲಿನಿಂದ ಇಳಿಯುತ್ತಿದ್ದ ಹುಡುಗರೇ ಹೆಚ್ಚು. ಇಂದಿನ ಹತ್ತೊಂಬತ್ತು ಸಾವಿರದಲ್ಲಿ ವಯಸ್ಸಾದವರ ಪಾಲು ದೊಡ್ಡದು. ಹುಟ್ಟುವವರಿಗಿಂತ ಸಾಯುವವರು ಹೆಚ್ಚು.

ಹುಡುಗರನ್ನು ಕರೆತಂದದ್ದು ಕಲ್ಲಿದ್ದಲು. ‘ಪೋಕಹಾಂಟಸ್ ನಂಬರ್ 3’ ಎಂಬ ಹೆಸರಿನ ಪದರ ಈ ಬೆಟ್ಟಗಳ ಒಡಲಲ್ಲಿದೆ. ಗಂಧಕ ಕಡಿಮೆ, ಹೊಗೆ ಕಡಿಮೆ, ಕಾವು ಹೆಚ್ಚು. ಉಕ್ಕಿನ ಕುಲುಮೆಗೂ ಹಡಗಿನ ಬಾಯ್ಲರಿಗೂ ಹೇಳಿ ಮಾಡಿಸಿದಂತಿದ್ದ ಕಲ್ಲಿದ್ದಲು. 1880ರ ದಶಕದ ಕೊನೆಗೆ ನಾರ್ಫೋಕ್ ಆ್ಯಂಡ್ ವೆಸ್ಟರ್ನ್ ರೈಲು ಕಂಪನಿ ಬೆಟ್ಟ ಕೊರೆದು ಹಳಿ ತಂದಿತು. ಅದರ ಹಿಂದೆಯೇ ಇಟಲಿ, ಹಂಗೇರಿ, ಪೋಲೆಂಡಿನವರು ಬಂದರು. ದಕ್ಷಿಣದ ಹತ್ತಿಹೊಲಗಳನ್ನು ಬಿಟ್ಟು ಕಪ್ಪು ಜನರೂ ಬಂದರು.

ಈ ಕಪ್ಪು ಜನರ ಕಥೆಯನ್ನು ಸ್ವಲ್ಪ ನಿಂತು ನೋಡಬೇಕು. ದಕ್ಷಿಣದ ರಾಜ್ಯಗಳಲ್ಲಿ ಅವರಿಗೆ ಮತದಾನ ಹೆಸರಿಗೆ ಮಾತ್ರ ಇತ್ತು. ಇಲ್ಲಿ ಮತ ಹಾಕಬಹುದಿತ್ತು. ಗಣಿಯೊಳಗೆ ಟನ್ನಿನ ಲೆಕ್ಕದ ಕೂಲಿ. ಕಲ್ಲಿದ್ದಲು ತುಂಬಿದವನ ಬಣ್ಣ ಯಾವುದಾದರೂ ಟನ್ನಿನ ತೂಕ ಒಂದೇ. ಕೀಸ್ಟೋನ್ ಎಂಬ ಪುಟ್ಟ ಊರಿನಿಂದ ‘ಮ್ಯಾಕ್‌ಡವೆಲ್ ಟೈಮ್ಸ್’ ಎಂಬ ಕಪ್ಪು ಜನರ ಪತ್ರಿಕೆ ಹೊರಡುತ್ತಿತ್ತು. ಶಾಸಕ ಗಂಡ ತೀರಿಕೊಂಡ ಮೇಲೆ 1928ರಲ್ಲಿ ಅವನ ಸ್ಥಾನಕ್ಕೆ ನೇಮಕವಾದ ಮಿನ್ನಿ ಬಕಿಂಗ್‌ಹ್ಯಾಮ್ ಹಾರ್ಪರ್, ಅಮೆರಿಕದ ಯಾವುದೇ ರಾಜ್ಯದ ಶಾಸನಸಭೆಯಲ್ಲಿ ಕುಳಿತ ಮೊದಲ ಕಪ್ಪು ಮಹಿಳೆ. ಅದೇ ವರ್ಷ ಕಿಂಬಲ್ ಎಂಬ ಊರಿನಲ್ಲಿ, ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರ ನೆನಪಿಗೆ ಕಂಬಗಳ ಸಾಲಿನ ಒಂದು ಭವನ ಎದ್ದಿತು. 1991ರಲ್ಲಿ ಬೆಂಕಿಗೆ ಸುಟ್ಟು ಗೋಡೆಗಳಷ್ಟೇ ಉಳಿದಿದ್ದ ಅದನ್ನು ಊರಿನವರು ಹಟ ಹಿಡಿದು ಮತ್ತೆ ಕಟ್ಟಿಸಿದ್ದಾರೆ. ಬಡತನದ ಪಟ್ಟಿಗಳಲ್ಲಿ ಮಾತ್ರ ಈ ಕೌಂಟಿಯ ಹೆಸರು ಓದಿದವರಿಗೆ ಇದು ಗೊತ್ತಿರುವುದಿಲ್ಲ. ಗೊತ್ತಿರಬೇಕು.

ಹಾಗೆಂದು ಆ ಕಾಲ ಸುಖದ್ದಾಗಿರಲಿಲ್ಲ. ಹಾಲರಿನ ಮನೆ ಕಂಪನಿಯದು, ಬಾಡಿಗೆ ಕೂಲಿಯಲ್ಲೇ ಮುರಿತ. ಅಂಗಡಿ ಕಂಪನಿಯದು, ಅಲ್ಲಿ ನಡೆಯುತ್ತಿದ್ದದ್ದು ಕಂಪನಿಯೇ ಅಚ್ಚು ಹಾಕಿಸಿದ ‘ಸ್ಕ್ರಿಪ್’ ಎಂಬ ಲೋಹದ ಬಿಲ್ಲೆ. ವೈದ್ಯ, ಶಾಲೆ, ಚರ್ಚು, ಕಾವಲಿನ ಬಂದೂಕು ಎಲ್ಲವೂ ಕಂಪನಿಯವೇ. ಸಂಘ ಸೇರಿದರೆ ಕೆಲಸದ ಜೊತೆ ಮನೆಯೂ ಹೋಗುತ್ತಿತ್ತು. ಗಣಿಕಾರ್ಮಿಕರ ಪರ ನಿಂತಿದ್ದ ನೆರೆಯ ಕೌಂಟಿಯ ಪಟ್ಟಣವೊಂದರ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್ 1921ರ ಆಗಸ್ಟ್ 1ರಂದು ವಿಚಾರಣೆಗೆಂದು ಹೆಂಡತಿಯ ಜೊತೆ ವೆಲ್ಚ್‌ಗೆ ಬಂದಾಗ, ನ್ಯಾಯಾಲಯದ ಮೆಟ್ಟಿಲ ಮೇಲೆಯೇ ಖಾಸಗಿ ಪತ್ತೇದಾರರ ಗುಂಡಿಗೆ ಬಲಿಯಾದ. ಅದರ ಸಿಟ್ಟು ತಿಂಗಳೊಳಗೆ ಬ್ಲೇರ್ ಬೆಟ್ಟದ ಸಶಸ್ತ್ರ ದಂಗೆಯಾಯಿತು.

ಮನೆ, ಬಿಲ್ಲೆ, ಬಂದೂಕುಗಳ ಜೊತೆಗೆ ಕಂಪನಿ ಇನ್ನೊಂದನ್ನೂ ಹಾಕಿಸಿತ್ತು: ನೀರಿನ ಕೊಳವೆ. ಅದರ ಮಾತು ಮುಂದೆ ಬರುತ್ತದೆ.

1950ರ ನಂತರ ಜನ ಕರಗಲು ಕಾರಣ ಕಲ್ಲಿದ್ದಲು ಮುಗಿದದ್ದಲ್ಲ. ಆ ವರ್ಷ ಗಣಿಕಾರ್ಮಿಕರ ಸಂಘದ ನಾಯಕ ಜಾನ್ ಎಲ್. ಲೂಯಿಸ್ ಮಾಲೀಕರೊಂದಿಗೆ ಒಪ್ಪಂದ ಮಾಡಿಕೊಂಡರು. ಒಳ್ಳೆಯ ಕೂಲಿ, ಅಗೆದ ಪ್ರತಿ ಟನ್ನಿಗೆ ಇಷ್ಟೆಂದು ಆರೋಗ್ಯ ಮತ್ತು ಪಿಂಚಣಿ ನಿಧಿಗೆ ಹಣ. ಬದಲಿಗೆ ಯಂತ್ರಗಳಿಗೆ ಸಂಘದ ಅಡ್ಡಿಯಿಲ್ಲ. ಕೊರೆಯುವುದನ್ನೂ ತುಂಬುವುದನ್ನೂ ಒಂದೇ ಏಟಿಗೆ ಮಾಡುವ ‘ಕಂಟಿನ್ಯುಯಸ್ ಮೈನರ್’ ಗಣಿಗಿಳಿಯಿತು. ಅದೇ ಹೊತ್ತಿಗೆ ರೈಲುಗಳು ಡೀಸೆಲ್ಲಿಗೆ, ಮನೆಗಳ ಒಲೆ ಗ್ಯಾಸು-ಎಣ್ಣೆಗೆ ತಿರುಗಿದವು. ಕಲ್ಲಿದ್ದಲಿನ ನೆಂಟಸ್ತಿಕೆಯಿಂದ ಉಗಿಬಂಡಿಯನ್ನು ಬಿಡದೆ ಹಿಡಿದಿದ್ದ ನಾರ್ಫೋಕ್ ಆ್ಯಂಡ್ ವೆಸ್ಟರ್ನ್ ಕೂಡ 1960ರಲ್ಲಿ ಅದನ್ನು ಕೈಬಿಟ್ಟಿತು. ಹತ್ತೇ ವರ್ಷಗಳಲ್ಲಿ 27 ಸಾವಿರಕ್ಕೂ ಹೆಚ್ಚು ಜನ ಕೌಂಟಿಯಿಂದ ಕಡಿಮೆಯಾದರು.

1960ರ ವಸಂತದಲ್ಲಿ ಚುನಾವಣಾ ಪ್ರಚಾರಕ್ಕೆ ಬಂದ ಜಾನ್ ಎಫ್. ಕೆನಡಿ ಕಂಡದ್ದು ಈ ಸ್ಥಿತಿಯನ್ನು. ಅಧ್ಯಕ್ಷನಾದ ಮರುದಿನವೇ ಬಡವರಿಗೆ ಹಂಚುವ ಆಹಾರವನ್ನು ಹೆಚ್ಚಿಸುವ ಆದೇಶ ಹೊರಡಿಸಿದ. 1961ರ ಮೇ 29ರಂದು ದೇಶದ ಮೊದಲ ಪ್ರಾಯೋಗಿಕ ‘ಫುಡ್ ಸ್ಟ್ಯಾಂಪ್’, ಅಂದರೆ ಆಹಾರ ಕೊಳ್ಳುವ ಸರ್ಕಾರಿ ಚೀಟಿ, ಇದೇ ಕೌಂಟಿಯಲ್ಲಿ ಕೈಬದಲಾಯಿತು. ಕೆಲಸ ಕಳೆದುಕೊಂಡಿದ್ದ ಗಣಿಕಾರ್ಮಿಕನೊಬ್ಬ ಹದಿನೈದು ಜನರ ತನ್ನ ಮನೆಗೆಂದು 95 ಡಾಲರಿನ ಸ್ಟ್ಯಾಂಪುಗಳನ್ನು ಪಡೆದು, ಹೆಂಡತಿಯ ಜೊತೆ ವೆಲ್ಚ್‌ನ ಹೆಂಡರ್ಸನ್ ಸೂಪರ್‌ಮಾರ್ಕೆಟ್ಟಿಗೆ ಹೋದ. ಮೊದಲು ಕೊಂಡದ್ದು ಹಂದಿಮಾಂಸ ಬೆರೆಸಿದ ಬೀನ್ಸಿನ ಡಬ್ಬಿ. ಆಗ ಸ್ಟ್ಯಾಂಪು ಪುಕ್ಕಟೆ ಸಿಗುತ್ತಿರಲಿಲ್ಲ. ಕುಟುಂಬ ತನ್ನ ಶಕ್ತಿಯಷ್ಟು ಹಣ ಕಟ್ಟಬೇಕಿತ್ತು, ಕೊರತೆಯನ್ನು ಸರ್ಕಾರ ತುಂಬಿಕೊಡುತ್ತಿತ್ತು. ಹಣ ಕಟ್ಟುವ ಈ ಷರತ್ತನ್ನು ತೆಗೆದುಹಾಕಿದ್ದು 1977ರ ಕಾಯ್ದೆ. ಇಂದು ಕೋಟಿಗಟ್ಟಲೆ ಅಮೆರಿಕನ್ನರು ಉಣ್ಣುವ ಆ ಯೋಜನೆಗೆ ದಾರಿ ತೆರೆದದ್ದು ಈ ಬೆಟ್ಟಗಳ ಹಸಿವು.

1980ರ ದಶಕದಲ್ಲಿ ಅಮೆರಿಕದ ಉಕ್ಕು ಕುಸಿಯಿತು. ಗ್ಯಾರಿ ಎಂಬ ಊರಿನಲ್ಲಿ ದೊಡ್ಡ ಉಕ್ಕಿನ ಕಂಪನಿಯ ಗಣಿಗಳು ಒಂದೊಂದಾಗಿ ಮುಚ್ಚಿದವು. ಹೋಗಬಲ್ಲವರು ಉತ್ತರ ಕೆರೊಲಿನಾಕ್ಕೆ, ಒಹಾಯೋಗೆ ಹೊರಟರು.

ಉಳಿದವರ ಬದುಕಿನ ಲೆಕ್ಕ ನೋಡಿದರೆ ಎದೆ ಭಾರವಾಗುತ್ತದೆ. ಮೂವರಲ್ಲಿ ಒಬ್ಬರಷ್ಟು ಜನ ಬಡತನದ ರೇಖೆಯ ಕೆಳಗಿದ್ದಾರೆ. ಮಧ್ಯಮ ಕುಟುಂಬದ ವರಮಾನ ದೇಶದ ಮಟ್ಟದ ಅರ್ಧವನ್ನೂ ಮುಟ್ಟುವುದಿಲ್ಲ. 2014ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಂದು ಹೋಲಿಕೆ ಪ್ರಕಟಿಸಿತು. ರಾಜಧಾನಿ ವಾಷಿಂಗ್ಟನ್ನಿನ ಮಗ್ಗುಲಿನ ಶ್ರೀಮಂತ ಫೇರ್‌ಫ್ಯಾಕ್ಸ್ ಕೌಂಟಿಯ ಗಂಡಸು ಸರಾಸರಿ 82 ವರ್ಷ ಬದುಕಿದರೆ, ಮ್ಯಾಕ್‌ಡವೆಲ್‌ನ ಗಂಡಸು 64 ವರ್ಷ. ನಡುವಿನ ದೂರ 350 ಮೈಲಿ. ಕಾರಿನಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ತಲುಪುವಷ್ಟು. ಒಂದೇ ದೇಶ, ಒಂದೇ ಧ್ವಜ, ಹದಿನೆಂಟು ವರ್ಷಗಳ ಅಂತರ.

ಆ ಹದಿನೆಂಟು ವರ್ಷಗಳನ್ನು ತಿಂದವು ಹಲವು. ಕಲ್ಲಿದ್ದಲ ದೂಳು ಶ್ವಾಸಕೋಶಕ್ಕಿಳಿದು ಬರುವ ‘ಬ್ಲ್ಯಾಕ್ ಲಂಗ್’, ಸಕ್ಕರೆ ಕಾಯಿಲೆ, ಹೃದ್ರೋಗ, ತಂಬಾಕು. ಅವುಗಳ ಮೇಲೆ ನೋವಿನ ಮಾತ್ರೆ. ಗಣಿಯಲ್ಲಿ ಬೆನ್ನು ಮುರಿದುಕೊಂಡವರಿಗೆ ವೈದ್ಯರು ಬರೆದುಕೊಟ್ಟ ಓಪಿಯಾಯ್ಡ್ ಮಾತ್ರೆಗಳು ಚಟವಾಗಿ, ಚಟ ಹೆರಾಯಿನ್ ಮತ್ತು ಫೆಂಟನಿಲ್ ಕಡೆಗೆ ಹೊರಳಿ, ಒಂದು ತಲೆಮಾರಿನ ತಂದೆತಾಯಿಯರನ್ನೇ ಕಿತ್ತುಕೊಂಡಿತು. ಇಲ್ಲಿನ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಹೆತ್ತವರ ಜೊತೆ ಬೆಳೆಯುತ್ತಿಲ್ಲ. ಶಾಲೆಯ ಸಭೆಗೆ ಬರುವುದು ಅಜ್ಜಿ. ಜ್ವರ ಬಂದರೆ ಕಾರು ಓಡಿಸಿಕೊಂಡು ಹೋಗುವುದೂ ಅಜ್ಜಿಯೇ. ಈ ಬೆಟ್ಟಸೀಮೆಯ ಆಸ್ಪತ್ರೆಗಳಲ್ಲಿ ಅನೇಕ ವರ್ಷಗಳಿಂದ ಭಾರತೀಯ ವೈದ್ಯರು ದುಡಿಯುತ್ತಿದ್ದಾರೆ. ತರಬೇತಿ ವೀಸಾದಲ್ಲಿ ಬಂದ ವಿದೇಶಿ ವೈದ್ಯರು ವೈದ್ಯರಿಲ್ಲದ ಕಡೆ ಮೂರು ವರ್ಷ ಸೇವೆ ಮಾಡಿದರೆ ದೇಶದಲ್ಲಿ ಉಳಿಯಬಹುದೆಂಬ ನಿಯಮ ಅವರಲ್ಲಿ ಎಷ್ಟೋ ಜನರನ್ನು ಅಪಲೇಷಿಯಾಕ್ಕೆ ಕರೆತಂದಿದೆ.

ಈಗ ನೀರಿನ ಮಾತು. ಗಣಿ ಕಂಪನಿಗಳು ನೂರು ವರ್ಷದ ಹಿಂದೆ ತಮ್ಮ ಕಾರ್ಮಿಕರ ಕೇರಿಗಳಿಗೆ ಕೊಳವೆ ಎಳೆದಿದ್ದವು. ಗಣಿ ಮುಚ್ಚಿದಾಗ ಕಂಪನಿ ಹೋಯಿತು, ಕೊಳವೆ ಉಳಿಯಿತು. ಅದು ತುಕ್ಕು ಹಿಡಿದರೆ ರಿಪೇರಿ ಯಾರದು? ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಒಂದು ಕಾಲಕ್ಕೆ ಕಪ್ಪು ಜನರ ಪತ್ರಿಕೆ ಅಚ್ಚಾಗುತ್ತಿದ್ದ ಕೀಸ್ಟೋನ್‌ನಲ್ಲಿ, ನಲ್ಲಿಯ ನೀರನ್ನು ಕುದಿಸದೆ ಕುಡಿಯಬೇಡಿ ಎಂಬ ಎಚ್ಚರಿಕೆ ಹತ್ತು ವರ್ಷದಷ್ಟು ಕಾಲ ಜಾರಿಯಲ್ಲಿತ್ತು. ಹಲ್ಲುಜ್ಜಲೂ ಕುದಿಸಿದ ನೀರು, ಮಗುವಿನ ಹಾಲಿನ ಬಾಟಲಿ ತೊಳೆಯಲೂ ಕುದಿಸಿದ ನೀರು. ಕೌಂಟಿಯ ಹಲವೆಡೆ ಜನ ಪ್ಲಾಸ್ಟಿಕ್ ಕ್ಯಾನುಗಳನ್ನು ಕಾರಿಗೆ ಹೇರಿಕೊಂಡು ರಸ್ತೆಬದಿಯ ಬೆಟ್ಟದ ಒರತೆಗೆ ಹೋಗುತ್ತಾರೆ. ಬಂಡೆಗೆ ಸಿಕ್ಕಿಸಿದ ಒಂದು ಪೈಪು, ಅದರ ಬಾಯಿಗೆ ಹಿಡಿದ ಕ್ಯಾನು, ಹಿಂದೆ ಸರದಿ ಕಾಯುವ ಇನ್ನೊಂದು ಕಾರು. ಬಳಸಿದ ನೀರು ಎಷ್ಟೋ ಮನೆಗಳಿಂದ ನೇರ ತೊರೆಗೇ ಸೇರುತ್ತದೆ. ಹಳೆಯ ವ್ಯವಸ್ಥೆಗಳನ್ನು ಒಂದೊಂದಾಗಿ ವಹಿಸಿಕೊಂಡು ಹೊಸ ಕೊಳವೆ ಹಾಕುವ ಕೆಲಸವನ್ನು ಕೌಂಟಿಯ ಸಾರ್ವಜನಿಕ ಸೇವಾ ಮಂಡಳಿ ಮಾಡುತ್ತಿದೆ. ಕೀಸ್ಟೋನ್‌ಗೆ ಹೊಸ ನೀರು ಬಂದಿದೆ. ಆದರೆ ಬೆಟ್ಟ ಕಡಿದು ಕೊಳವೆ ಎಳೆಯುವುದು ಬಹಳ ದುಬಾರಿ, ಹಾಲರಿನಲ್ಲಿ ಉಳಿದಿರುವ ಮನೆಗಳೋ ಬೆರಳೆಣಿಕೆಯವು.

ನೆಲದ ಕಥೆಯೂ ಇಂಥದೇ. ಕೌಂಟಿಯ ಭೂಮಿಯ ದೊಡ್ಡ ಪಾಲು ಇಂದಿಗೂ ಹೊರಗಿನ ಭೂಕಂಪನಿಗಳ ಹೆಸರಿನಲ್ಲಿದೆ. ಜನರಿಗೆ ಸಿಗುವುದು ತೊರೆಯ ಅಂಚಿನ ಪಟ್ಟಿ, ಮಳೆ ಹುಚ್ಚೆದ್ದರೆ ಮೊದಲು ಮುಳುಗುವುದೂ ಅದೇ. 2001ರ ಜುಲೈ ಪ್ರವಾಹದ ಕೆಸರು ತೆಗೆದು ಮುಗಿಸುವ ಮೊದಲೇ 2002ರ ಮೇ ತಿಂಗಳಲ್ಲಿ ಮತ್ತೊಂದು ಬಂತು. 2025ರ ಫೆಬ್ರುವರಿಯಲ್ಲಿ ಮತ್ತೆ ನೀರು ನುಗ್ಗಿ ಜೀವಗಳನ್ನೂ ಮನೆಗಳನ್ನೂ ಕೊಂಡೊಯ್ದಿತು.

ಕಿಂಬಲ್‌ನಲ್ಲಿ 2005ರಲ್ಲಿ ತೆರೆದ ವಾಲ್‌ಮಾರ್ಟ್ 2016ರ ಜನವರಿಯಲ್ಲಿ ಮುಚ್ಚಿತು. ಅದರೊಂದಿಗೆ ಹೋದದ್ದು ಕೆಲಸಗಳಷ್ಟೇ ಅಲ್ಲ. ತಾಜಾ ತರಕಾರಿ, ಔಷಧಿಯ ಕೌಂಟರ್, ನಾಲ್ಕು ಜನ ಸಿಕ್ಕಿ ಮಾತಾಡುತ್ತಿದ್ದ ಜಾಗ ಎಲ್ಲವೂ ಹೋದವು. ಶಾಲೆಗಳೂ ಹೀಗೆಯೇ ಕಡಿಮೆಯಾದವು. ಕೋಲ್‌ವುಡ್ ಎಂಬ ಗಣಿಯೂರಿನ ಹುಡುಗ ಹೋಮರ್ ಹಿಕಮ್, 1957ರಲ್ಲಿ ಸ್ಪುಟ್ನಿಕ್ ಹಾರಿದ್ದನ್ನು ಕಂಡು ಗೆಳೆಯರೊಂದಿಗೆ ರಾಕೆಟ್ ಕಟ್ಟತೊಡಗಿ, ಕೊನೆಗೆ ನಾಸಾ ಎಂಜಿನಿಯರ್ ಆದ ಕಥೆ ‘ಅಕ್ಟೋಬರ್ ಸ್ಕೈ’ ಸಿನಿಮಾ ಮೂಲಕ ಜಗತ್ತಿಗೇ ಗೊತ್ತು. ಅವನು ಓದಿದ ಬಿಗ್ ಕ್ರೀಕ್ ಹೈಸ್ಕೂಲ್ 2010ರಲ್ಲಿ ಇನ್ನೊಂದರೊಡನೆ ವಿಲೀನವಾಗಿ ಮುಚ್ಚಿತು.

2020ರ 19,111 ಎಂಬ ಸಂಖ್ಯೆಯನ್ನು ಕೂಡ ಬಿಡಿಸಿ ನೋಡಬೇಕು. ಅಮೆರಿಕದ ಜನಗಣತಿ ಕೈದಿಗಳನ್ನು ಜೈಲು ಇರುವ ಊರಿನ ನಿವಾಸಿಗಳೆಂದೇ ಎಣಿಸುತ್ತದೆ. ವೆಲ್ಚ್ ಸಮೀಪ ಬೆಟ್ಟದ ತಲೆ ಸಮತಟ್ಟು ಮಾಡಿ ಕಟ್ಟಿದ ಒಕ್ಕೂಟ ಸರ್ಕಾರದ ದೊಡ್ಡ ಸೆರೆಮನೆ ಇದೆ, ಪಟ್ಟಣದಲ್ಲಿ ರಾಜ್ಯದ್ದೊಂದು. ಜೈಲು ಬಂದಾಗ ಕೆಲಸ ಬರುತ್ತದೆಂದು ಕೌಂಟಿ ಸ್ವಾಗತಿಸಿತ್ತು. ಕೆಲವರಿಗೆ ಸಿಕ್ಕಿತು ಕೂಡ. ಹೊರಗಿನಿಂದ ಬಂದು ಹಣ ಖರ್ಚು ಮಾಡುವ ಗುಂಪೆಂದರೆ ನಾಲ್ಕು ಚಕ್ರದ ಬೆಟ್ಟದ ಬೈಕಿನವರದು. ಹಳೆಯ ಗಣಿದಾರಿಗಳನ್ನು ಜೋಡಿಸಿ ಮಾಡಿದ ಹ್ಯಾಟ್‌ಫೀಲ್ಡ್-ಮೆಕಾಯ್ ಜಾಡುಗಳಲ್ಲಿ ಅವರು ವಾರಾಂತ್ಯವಿಡೀ ಕೆಸರು ಹಾರಿಸುತ್ತಾರೆ, ಸಂಜೆ ಊರಿಗಿಳಿದು ಉಣ್ಣುತ್ತಾರೆ. ಅವರಿಗೆಂದು ಹಳೆಯ ಮನೆಗಳು ವಸತಿಗೃಹಗಳಾಗುತ್ತಿವೆ.

ಇಲ್ಲಿನ ಶಾಲೆಗಳಿಗೆ ಶಿಕ್ಷಕರು ಸಿಗದಿರುವುದಕ್ಕೆ ಸಂಬಳವೊಂದೇ ಕಾರಣವಲ್ಲ. ಬಂದವರಿಗೆ ಬಾಡಿಗೆಗೆ ಯೋಗ್ಯವಾದ ಒಂದು ಮನೆ ಸಿಗುತ್ತಿರಲಿಲ್ಲ; ಖಾಲಿ ಮನೆಗಳು ನೂರಾರಿದ್ದರೂ ಅವುಗಳ ಮಾಡು ಕುಸಿದಿತ್ತು. ಎಷ್ಟೋ ಶಿಕ್ಷಕರು ದಿನಾ ಬೇರೆ ಕೌಂಟಿಯಿಂದ ತಿರುವುಗಳ ರಸ್ತೆ ಹತ್ತಿಳಿದು ಬರುತ್ತಿದ್ದರು. ಅಮೆರಿಕದ ಶಿಕ್ಷಕರ ಒಕ್ಕೂಟ ಹಲವು ಸಂಸ್ಥೆಗಳನ್ನು ಸೇರಿಸಿಕೊಂಡು ಇದನ್ನೊಂದು ಕೆಲಸವಾಗಿ ಕೈಗೆತ್ತಿಕೊಂಡಿತು. ವೆಲ್ಚ್ ಪೇಟೆಯ ನಡುವೆ, ಹಳೆಯ ಕಟ್ಟಡಗಳಿದ್ದ ಜಾಗದಲ್ಲಿ, ದಶಕಗಳ ನಂತರ ಒಂದು ಹೊಸ ಬಹುಮಹಡಿ ಕಟ್ಟಡ ಎದ್ದಿತು. ಈ ಸಲ ಕಾರಿಗಲ್ಲ, ಮೇಷ್ಟ್ರುಗಳ ಸಂಸಾರಕ್ಕೆ.